ಪೂರ್ತಿ ಬಿಚ್ಚದ ಹಾಯಿ ಯಾಕೆ ಬೇಕು?

ಹಾಯಿ ಕತ್ತರಿಸಿ ಹೊಲಿಯುವುದು ನನ್ನ ಕೆಲಸ. ದೋಣಿಯ ಮುಂಭಾಗದ ಹಾಯಿ ರಿಪೇರಿಗೆ ಬಂದಾಗ, ಅದನ್ನು ನೆಲದ ಮೇಲೆ ಹರಡಿದ ಕೂಡಲೇ ನಾನು ಹರಿದ ಜಾಗ ಹುಡುಕುವುದಿಲ್ಲ. ಮೊದಲು ಮುಂದಿನ ಅಂಚಿನ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡುತ್ತೇನೆ. ಎಷ್ಟೋ ಸಲ ಅಲ್ಲಿ ಒಂದು ಮೀಟರಿನಷ್ಟು ಅಗಲಕ್ಕೆ ಬಟ್ಟೆ ಇನ್ನೂ ಹೊಸ ನೋಟಿನ ಹಾಗೆ ಗರಿಗರಿ ಇರುತ್ತದೆ. ಅದರ ಹಿಂದಿನದೆಲ್ಲ ಹಳೇ ಬೆಡ್‌ಶೀಟಿನಂತೆ ಜೋತುಬಿದ್ದಿರುತ್ತದೆ.

ಆ ಒಂದು ಮೀಟರ್ ಬಟ್ಟೆ ಫರ್ಲರ್, ಅಂದರೆ ಹಾಯಿಯನ್ನು ಮುಂದಿನ ಅಂಚಿನಿಂದ ಸುತ್ತಿಡುವ ಸಾಧನದ ಸುರುಳಿಯಿಂದ ಹೊರಗೆ ಬಂದದ್ದೇ ಅಪರೂಪ ಅಂತ ಇದರ ಅರ್ಥ. ಮಾಲೀಕರು ದೊಡ್ಡ ಹಾಯಿಗೆ ದುಡ್ಡು ಕೊಟ್ಟಿದ್ದಾರೆ, ಬಳಸಿದ್ದು ಮಾತ್ರ ಚಿಕ್ಕ ಹಾಯಿಯನ್ನು. ಅದೂ ಆಕಾರ ಕೆಟ್ಟ ಚಿಕ್ಕ ಹಾಯಿಯನ್ನು. ಆದರೂ ಹೊಸದು ಮಾಡಿಸುವಾಗ ಅವರು ಹೇಳುವುದು ಒಂದೇ ಮಾತು: "ಹಳೇದು ಎಷ್ಟಿತ್ತೋ ಅಷ್ಟೇ ಇರಲಿ."

ಅಲ್ಲಿಗೆ ನನ್ನ ಪ್ರಶ್ನೆ ಶುರು. ಕಳೆದ ವರ್ಷ ಎಷ್ಟು ದಿನ ಅದನ್ನು ಪೂರ್ತಿ ಬಿಚ್ಚಿದ್ದಿರಿ?

ಮೊದಲು ಅಳತೆಯ ಗೊಂದಲ ಬಿಡಿಸೋಣ. 110, 135, 150 ಶೇಕಡಾ ಅಂತ ಹೇಳುತ್ತೇವಲ್ಲ, ಅದು ಮೇನ್‌ಸೇಲ್‌ಗೆ, ಅಂದರೆ ಮಾಸ್ಟ್ ಹಿಂದಿನ ಮುಖ್ಯ ಹಾಯಿಗೆ, ಹೋಲಿಸಿದ ಲೆಕ್ಕವೆಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಮಾಸ್ಟ್ ಅಂದರೆ ಹಾಯಿಕಂಬ. ಅಲ್ಲಿಂದ ಮುಂದಿನ ತಂತಿ, ಅಂದರೆ ಫೋರ್‌ಸ್ಟೇ, ಡೆಕ್ಕಿಗೆ ಕೂಡುವ ಜಾಗದವರೆಗಿನ ದೂರವನ್ನು ನಾವು 'ಜೆ' ಅನ್ನುತ್ತೇವೆ. ಹಾಯಿಯ ಹಿಂದಿನ ಕೆಳಮೂಲೆಗೆ ಕ್ಲ್ಯೂ ಅಂತ ಹೆಸರು. ಕ್ಲ್ಯೂನಿಂದ ಮುಂದಿನ ಅಂಚಿಗೆ ನೇರ ಲಂಬ ಎಳೆದರೆ ಬರುವ ಅಳತೆ, ಈ ಜೆಯ ಎಷ್ಟು ಶೇಕಡಾ ಅನ್ನುವುದೇ ಆ ಸಂಖ್ಯೆ. ನೂರರ ಒಳಗಿದ್ದರೆ ಹಾಯಿ ಮಾಸ್ಟ್‌ನ ಮುಂದೆಯೇ ಮುಗಿಯುತ್ತದೆ. ನೂರು ದಾಟಿ ಹೋದಷ್ಟೂ ಮಾಸ್ಟ್ ದಾಟಿ ಹಿಂದಕ್ಕೆ ಬರುತ್ತದೆ. ಹಾಗೆ ಚೆನ್ನಾಗಿ ಹಿಂದೆ ಬಂದದ್ದು ಜೆನೋವಾ, ಅಷ್ಟು ಬಾರದ್ದು ಜಿಬ್. ಗೆರೆ ಎಲ್ಲಿ ಅನ್ನುವ ಬಗ್ಗೆ ಜಗಳವಾಡುವವರಿದ್ದಾರೆ, ನನಗೆ ಆಸಕ್ತಿ ಇಲ್ಲ.

ಹತ್ತು ಮೀಟರ್ ಆಸುಪಾಸಿನ ಒಂದು ದೋಣಿ ತೆಗೆದುಕೊಳ್ಳಿ. ಜೆ 3.6 ಮೀಟರ್, ಹಾಯಿಯ ಮುಂದಿನ ಅಂಚು 11.6 ಮೀಟರ್. 110 ಶೇಕಡಾ ಜಿಬ್ ಸುಮಾರು 23 ಚದರ ಮೀಟರ್ ಆಗುತ್ತದೆ. 135 ಆದರೆ 28, 150 ಆದರೆ 31. ಎರಡು ತುದಿಗಳ ನಡುವೆ 8 ಚದರ ಮೀಟರ್ ವ್ಯತ್ಯಾಸ. ಕಾಗದದ ಮೇಲೆ ಸುಮ್ನೆ ಒಂದು ಸಂಖ್ಯೆ. ಅದನ್ನು ಎಳೆಯುವ ಕೈಗೆ ಮಾತ್ರ ಅದು ಸಂಖ್ಯೆಯಾಗಿ ಉಳಿಯುವುದಿಲ್ಲ.

ಯಾಕೆಂದರೆ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಜೊತೆಗೆ ಹಾಯಿಗೆ ತಾಗುವುದು ಹವಾಮಾನ ವರದಿಯಲ್ಲಿರುವ ಗಾಳಿಯಲ್ಲ, ದೋಣಿಯ ಓಟವೂ ಸೇರಿದ ಗಾಳಿ. ವರದಿಯಲ್ಲಿ 12 ನಾಟ್ ಇದೆ ಅಂದುಕೊಳ್ಳಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ನೀವು 5 ನಾಟ್ ವೇಗದಲ್ಲಿ, ಗಾಳಿಗೆ 45 ಡಿಗ್ರಿ ಓರೆಯಾಗಿ ಎದುರು ಹೋಗುತ್ತಿದ್ದರೆ ಹಾಯಿಗೆ ತಾಗುವುದು ಸುಮಾರು 16 ನಾಟ್. ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋದರೆ 7 ನಾಟ್. ಒತ್ತಡದಲ್ಲಿ ಐದು ಪಟ್ಟು ಅಂತರ! ಒಂದೇ ಮಧ್ಯಾಹ್ನ, ಒಂದೇ ಹಾಯಿ. ಗಾಳಿ ಬೆನ್ನಿಗಿದ್ದಾಗ ಚಿಕ್ಕದಾಯಿತು ಅನ್ನಿಸುತ್ತದೆ, ಗಾಳಿಗೆ ಎದುರು ವಾಪಸ್ ಬರುವಾಗ ದೊಡ್ಡದಾಯಿತು ಅನ್ನಿಸುತ್ತದೆ. ದೊಡ್ಡ ಹಾಯಿ ಬೇಕು ಅನ್ನುವ ಆಸೆ ಹುಟ್ಟುವುದು ಬಹುಪಾಲು ಗಾಳಿ ಬೆನ್ನಿಗಿದ್ದಾಗಲೇ.

ಈಗ ಟ್ಯಾಕ್. ಗಾಳಿಗೆ ಎದುರು ಹೋಗುವಾಗ ದೋಣಿಯ ಮೂತಿ ತಿರುಗಿಸಿ ಹಾಯಿಯನ್ನು ಇನ್ನೊಂದು ಬದಿಗೆ ತರಬೇಕಲ್ಲ, ಅದು. ಜಿಬ್ ಆದರೆ ಮಾಸ್ಟ್ ಮುಂದೆಯೇ ಜಾರಿ ಆ ಬದಿಗೆ ಹೋಗಿ ಕೂರುತ್ತದೆ. 150ರ ಜೆನೋವಾ ಮಾಸ್ಟ್‌ಗೆ ಸುತ್ತಿ, ಪಕ್ಕದ ತಂತಿಗಳಿಗೆ ಉಜ್ಜಿ, ಎಲ್ಲಾದರೂ ಸಿಕ್ಕಿ, ಕೊನೆಗೆ ಬರುತ್ತದೆ. ಬಂದಮೇಲೆ ಮೀಟರ್‌ಗಟ್ಟಲೆ ಹಗ್ಗವನ್ನು ವಿಂಚ್‌ನಲ್ಲಿ, ಅಂದರೆ ಹಿಡಿ ತಿರುಗಿಸಿ ಹಗ್ಗ ಎಳೆಯುವ ರಾಟೆಯಲ್ಲಿ, ಸುತ್ತಬೇಕು. ಹಾಯಿಗೆ 20 ನಾಟ್ ಗಾಳಿ ತಾಗುತ್ತಿದ್ದರೆ, ನಾವು ಬಳಸುವ ಅಂದಾಜು ಸೂತ್ರದ ಪ್ರಕಾರ, 31 ಚದರ ಮೀಟರ್ ಹಾಯಿಯ ಶೀಟ್ ಹಗ್ಗದ (ಕ್ಲ್ಯೂಗೆ ಕಟ್ಟಿ ಹಾಯಿಯನ್ನು ಎಳೆಯುವ ಹಗ್ಗದ) ಮೇಲೆ ಸುಮಾರು 260 ಕೆಜಿ ಎಳೆತ ಇರುತ್ತದೆ. 23 ಚದರ ಮೀಟರ್ ಆದರೆ 190. ವಿಂಚ್ ನೆರವಿಗಿದೆ, ನಿಜ. ಆದರೆ ಆ ವಿಂಚ್ ತಿರುಗಿಸುವವರು ಯಾರು?

ಇಲ್ಲಿ ನನ್ನದೇ ತಪ್ಪೊಪ್ಪಿಗೆ ಇದೆ. ನನ್ನ ಸ್ವಂತ ದೋಣಿಗೆ ನಾನು ಮೊದಲು ಹೊಲಿದದ್ದು 150ರ ಜೆನೋವಾ. ಹಾಯಿ ಹೊಲಿಯುವವನ ದೋಣಿಯಲ್ಲಿ ಚಿಕ್ಕ ಹಾಯಿ ಇದ್ದರೆ ಏನು ಚಂದ ಅನ್ನುವ ಜಂಬ. ದೋಣಿಯಲ್ಲಿ ಇರುತ್ತಿದ್ದವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಕಿರಿದಾದ ಕಾಲುವೆಯೊಂದರಲ್ಲಿ ಹದಿನೈದು ಟ್ಯಾಕ್ ಹೊಡೆಯಬೇಕಾಗಿ ಬಂತು. ಏಳನೆಯದಕ್ಕೆ ಅವಳು ವಿಂಚ್ ಹಿಡಿಯನ್ನು ಕೆಳಗಿಟ್ಟು, "ಇನ್ನು ನೀವೇ ಎಳ್ಕೊಳ್ಳಿ, ಚುಕ್ಕಾಣಿ ನಾನು ಹಿಡೀತೀನಿ" ಅಂದಳು. ಹತ್ತನೆಯದಕ್ಕೆ ನಾನು ಇಂಜಿನ್ ಹಾಕಿದೆ. ಮರುವರ್ಷ 108ರ ಜಿಬ್ ಹೊಲಿದೆ. ವಿಂಚ್ ಹಿಡಿ ಮತ್ತೆ ಅವಳ ಕೈಗೆ ಹೋಯಿತು, ನಾನು ಕೇಳದೆಯೇ.

"ಫರ್ಲರ್ ಇದೆಯಲ್ಲ, ಗಾಳಿ ಜಾಸ್ತಿಯಾದರೆ ಅರ್ಧ ಸುತ್ತಿಕೊಂಡರಾಯಿತು" ಅನ್ನುವುದು ನಾನು ದಿನಾ ಕೇಳುವ ಉತ್ತರ. ಸುತ್ತಬಹುದು. ಆದರೆ ಹಾಯಿ ಚಪ್ಪಟೆ ಬಟ್ಟೆಯಲ್ಲ, ಅದರಲ್ಲಿ ಹೊಲಿಗೆಯಿಂದ ತಂದ ಒಂದು ಹೊಟ್ಟೆ ಇದೆ. ಸುತ್ತುತ್ತಾ ಹೋದಂತೆ ಮೇಲಿನ, ಕೆಳಗಿನ ತುದಿಗಳು ಬಿಗಿಯಾಗುತ್ತವೆ, ನಡುವಿನ ಹೊಟ್ಟೆ ಮಾತ್ರ ಹಾಗೇ ಉಳಿಯುತ್ತದೆ. ಜೋರು ಗಾಳಿಗೆ ಬೇಕಾದದ್ದು ಚಪ್ಪಟೆ ಹಾಯಿ, ನಿಮಗೆ ಸಿಗುವುದು ಚೀಲ. ಚೀಲ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ವಾಲಿಸುವುದೇ ಹೆಚ್ಚು. ಮುಂದಿನ ಅಂಚಿನೊಳಗೆ ಫೋಮ್ ಪಟ್ಟಿ ಹೊಲಿದರೆ ಅದು ಒಂದಷ್ಟು ಹೊಟ್ಟೆಯನ್ನು ನುಂಗಿಕೊಳ್ಳುತ್ತದೆ. ಹಾಗಿದ್ದರೂ ನನ್ನ ಅನುಭವದಲ್ಲಿ ಕಾಲು ಭಾಗ ಸುತ್ತುವವರೆಗೆ ಪರವಾಗಿಲ್ಲ. ಅದರಾಚೆ ಗಾಳಿಗೆ ಎದುರು ಹೋಗುವ ಆಸೆ ಬಿಡಬೇಕು.

ಬಟ್ಟೆಯ ತೂಕದ್ದು ಇನ್ನೊಂದು ಕಷ್ಟ. 150ರ ಹಾಯಿ ಬೇಕಾಗುವುದು ಮಂದ ಗಾಳಿಗೆ. ಮಂದ ಗಾಳಿಗೆ ತೆಳು ಬಟ್ಟೆ ಬೇಕು, ಇಲ್ಲದಿದ್ದರೆ ಹಾಯಿ ತನ್ನ ಭಾರಕ್ಕೇ ಕುಸಿದು ಜೋತಾಡುತ್ತದೆ. ಆದರೆ ಅದನ್ನೇ ಸುತ್ತಿ 22 ನಾಟ್‌ನಲ್ಲೂ ಬಳಸುತ್ತೀರಿ ಅಂದರೆ ದಪ್ಪ ಬಟ್ಟೆ ಹಾಕಬೇಕು. ಹೊಲಿಯುವವನು ನಡುವಿನದೊಂದು ಬಟ್ಟೆ ಆರಿಸುತ್ತಾನೆ. ಎರಡೂ ಕಡೆ ನೆಟ್ಟಗಿರದ ಹಾಯಿ ತಯಾರಾಗುತ್ತದೆ.

ಹಾಗಾದರೆ ಇಷ್ಟು ದೊಡ್ಡ ಹಾಯಿಗಳು ಬಂದದ್ದಾದರೂ ಎಲ್ಲಿಂದ? ರೇಸಿನಿಂದ. 1920ರ ದಶಕದಲ್ಲಿ ಸ್ವೀಡನ್ನಿನ ಸ್ವೆನ್ ಸಾಲೆನ್ ಇಟಲಿಯ ಜೆನೋವಾದಲ್ಲಿ ನಡೆದ ರೇಸಿಗೆ ಇಂಥ ಹಾಯಿ ಹಾಕಿದರು, ಊರಿನ ಹೆಸರೇ ಹಾಯಿಗೆ ಅಂಟಿಕೊಂಡಿತು. ಮುಂದೆ 1970ರ ದಶಕದಲ್ಲಿ ಐಒಆರ್ ಎಂಬ ಅಳತೆಯ ನಿಯಮ ರೇಸುಗಳನ್ನು ಆಳಿತು. ಅದರಲ್ಲಿ ದೊಡ್ಡ ಜೆನೋವಾ, ಚಿಕ್ಕ ಮೇನ್‌ಸೇಲ್ ಇಟ್ಟರೆ ಲಾಭ. ರೇಸಿನ ದೋಣಿಗಳನ್ನು ನೋಡಿ ಸುತ್ತಾಟದ ದೋಣಿಗಳನ್ನೂ ಹಾಗೇ ಕಟ್ಟಿದರು.

ನನ್ನ ಮಾತು ತಿರುಗುವುದು ಇಲ್ಲೇ. ಆ ಕಾಲದ ದೋಣಿ ನಿಮ್ಮದಾಗಿದ್ದರೆ, ಉದ್ದ ಕಿರಿದಾದ ಪುಟ್ಟ ಮೇನ್‌ಸೇಲ್ ಇದ್ದರೆ, ನಾನು 105ರ ಜಿಬ್ ಹೊಲಿದುಕೊಡಲು ಒಪ್ಪುವುದಿಲ್ಲ. ಆ ದೋಣಿಯ ಇಂಜಿನ್ ಅಂದರೆ ಅದರ ಜೆನೋವಾನೇ. ಹತ್ತು ನಾಟ್ ಗಾಳಿಯಲ್ಲಿ ಚಿಕ್ಕ ಜಿಬ್ ಹಾಕಿದರೆ ಅದು ಅಲೆಗೆ ಸಿಕ್ಕಿ ನಿಂತಲ್ಲೇ ಕುಣಿಯುತ್ತದೆ. ಅಂಥವರಿಗೆ 130 ಅಥವಾ 135 ಹೇಳುತ್ತೇನೆ, ಫೋಮ್ ಪಟ್ಟಿಯೊಂದಿಗೆ. ಕಾಲು ಭಾಗ ಸುತ್ತಿದರೆ ನೂರರ ಹತ್ತಿರ ಬರುತ್ತದೆ, ಆಕಾರ ತೀರಾ ಕೆಡುವುದಿಲ್ಲ. ವರ್ಷದ ಬಹುಪಾಲು ಎಂಟು ನಾಟ್ ದಾಟದ ನೀರಿನಲ್ಲಿ ಓಡಾಡುವವರಿಗೂ ಇದೇ ಮಾತು.

ಇತ್ತೀಚಿನ ದೋಣಿಗಳ ಕಥೆ ಬೇರೆ. ಮೇನ್‌ಸೇಲ್ ದೊಡ್ಡದು, ಪಕ್ಕದ ತಂತಿಗಳು ದೋಣಿಯ ಅಂಚಿನಲ್ಲೇ ಕೂತಿರುತ್ತವೆ. ದೊಡ್ಡ ಜೆನೋವಾ ಆ ತಂತಿಗಳ ಹೊರಗಿನಿಂದ ಬರಬೇಕು, ಹಾಗಾಗಿ ಒಳಕ್ಕೆ ಬಿಗಿಯಾಗಿ ಎಳೆಯಲು ಆಗುವುದಿಲ್ಲ. ಚಿಕ್ಕ ಜಿಬ್ ತಂತಿಗಳ ಒಳಗೇ ಬರುತ್ತದೆ, ಬಿಗಿಯಾಗಿ ಕೂರುತ್ತದೆ, ಗಾಳಿಗೆ ಇನ್ನಷ್ಟು ಹತ್ತಿರವಾಗಿ ಹೋಗಬಹುದು. ಚಿಕ್ಕದೇ ಮುಂದೆ ಹೋಗುವುದನ್ನು ಕಂಡು ಎಷ್ಟೋ ಜನ ಬೆರಗಾಗಿದ್ದಾರೆ. ಡೆಕ್ಕಿಗೆ ತಾಗುವಂತೆ ಹೊಲಿದ ಜೆನೋವಾದ ಮರೆಯಲ್ಲಿ ಬರುತ್ತಿರುವ ಇನ್ನೊಂದು ದೋಣಿ ಕಾಣದೆ ಎದೆ ಧಸಕ್ ಅಂದ ಅನುಭವ ನಿಮಗೂ ಆಗಿರಬಹುದು. ಜಿಬ್‌ನ ಕೆಳಅಂಚನ್ನು ಸ್ವಲ್ಪ ಎತ್ತರಿಸಿ ಹೊಲಿದರೆ ಆ ಕುರುಡು ಜಾಗ ಬಹಳ ಕಡಿಮೆಯಾಗುತ್ತದೆ.

ಮಂದ ಗಾಳಿಯ ದಿನ ಏನು ಮಾಡುವುದು? ಆ ದಿನಕ್ಕೆಂದೇ ಒಂದು ತೆಳು ಹಾಯಿ. ಜೆನೇಕರ್ ಆಗಲಿ, ತನ್ನದೇ ಫರ್ಲರ್ ಇರುವ ಕೋಡ್ ಝೀರೋ ಆಗಲಿ. ಖರ್ಚು ಇದೆ, ಇಡಲು ಜಾಗವೂ ಬೇಕು. ಆದರೆ ಬೆನ್ನ ಗಾಳಿ ಏಳು ನಾಟ್ ಇರುವಾಗ ಅದು ಕೊಡುವ ಓಟ 150ರ ಜೆನೋವಾ ಕನಸಲ್ಲೂ ಕೊಡುವುದಿಲ್ಲ. ಬೇಡ ಅನ್ನಿಸಿದರೆ ಇಂಜಿನ್ ಹಾಕಿ, ನಾನೇನೂ ಅಂದುಕೊಳ್ಳುವುದಿಲ್ಲ.

ಹಳೇ ಜೆನೋವಾವನ್ನೇ ಕತ್ತರಿಸಿ ಚಿಕ್ಕದು ಮಾಡಿಕೊಡಿ ಅನ್ನುವವರೂ ಬರುತ್ತಾರೆ. ಬಟ್ಟೆ ಗಟ್ಟಿಯಿದ್ದರೆ ಮಾಡುತ್ತೇನೆ. ಜೋತುಬಿದ್ದಿದ್ದರೆ ಕತ್ತರಿ ಮುಟ್ಟುವುದೂ ಇಲ್ಲ, ಹೊಟ್ಟೆ ಕತ್ತರಿಗೆ ಹೋಗುವುದಿಲ್ಲ.

ಚಿಕ್ಕದಕ್ಕೆ ಹೋಗುವ ಮುಂಚೆ ಡೆಕ್ಕಿನ ಮೇಲಿನ ಟ್ರ್ಯಾಕ್ ನೋಡಿಕೊಳ್ಳಿ. ಶೀಟ್ ಹಗ್ಗ ಹಾದುಹೋಗುವ ಕಾರ್, ಅಂದರೆ ಟ್ರ್ಯಾಕ್ ಮೇಲೆ ಜಾರುವ ತುಂಡು, ಹಾಯಿ ಚಿಕ್ಕದಾದಷ್ಟೂ ಮುಂದಕ್ಕೆ ಸರಿಯಬೇಕು. ಹಳೇ ದೋಣಿಗಳಲ್ಲಿ ಟ್ರ್ಯಾಕ್ ಅಷ್ಟು ಮುಂದೆ ಬರುವುದೇ ಇಲ್ಲ. ಆಗ ಹೊಸ ಟ್ರ್ಯಾಕ್ ಹಾಕಿಸಬೇಕು, ಆ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನೂ ತೀರ್ಮಾನವಾಗಿಲ್ಲ ಅಂದರೆ ಆರ್ಡರ್ ಕೊಡಬೇಡಿ. ಈಗಿರುವ ಜೆನೋವಾವನ್ನು ಕ್ಲ್ಯೂ ಮಾಸ್ಟ್‌ಗಿಂತ ಸ್ವಲ್ಪವೇ ಹಿಂದೆ ಬರುವಷ್ಟು ಸುತ್ತಿ, ಸುರುಳಿ ನಿಂತ ಕಡೆ ಕೆಳಅಂಚಿನಲ್ಲಿ ಬಣ್ಣದ ಟೇಪ್ ಅಂಟಿಸಿ. ಕಾರ್ ಮುಂದಕ್ಕೆ ಸರಿಸಿ. ನಾಲ್ಕಾರು ವಾರಾಂತ್ಯ ಆ ಟೇಪ್ ದಾಟಿ ಬಿಚ್ಚದೆ ಓಡಾಡಿ, ಎಷ್ಟು ಸಲ ಕೈ ಫರ್ಲರ್ ಹಗ್ಗದತ್ತ ಹೋಯಿತು ಅಂತ ಬರೆದಿಡಿ. ಸುತ್ತಿದ ಹಾಯಿಯ ಆಕಾರ ಕೆಟ್ಟದ್ದು, ಅದೇ ಅಳತೆಗೆ ಹೊಲಿದ ಜಿಬ್ ಇದಕ್ಕಿಂತ ಚೆನ್ನಾಗೇ ಓಡುತ್ತದೆ. ಹಾಗಾಗಿ ಟೇಪ್‌ವರೆಗೆ ಬಿಚ್ಚಿದ ಹಾಯಿಯೇ ನಿಮಗೆ ಸಾಕು ಅನ್ನಿಸಿದರೆ, ಆ ಚೀಟಿ ಹಿಡಿದುಕೊಂಡು ಬನ್ನಿ.