ಸಭೆಯೊಳಗಿನ ಮಾತು ಸಭೆಯೊಳಗೇ ಇರಬೇಕಾ?

ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ಸಾಮಾನ್ಯ ಸಭೆ ಹನ್ನೊಂದು ಗಂಟೆಗೆ ಅಂತ ನೋಟಿಸ್ ಹೋಗಿತ್ತು. ಕೋರಂ ಆಗುವಷ್ಟರಲ್ಲಿ ಹನ್ನೆರಡೂವರೆ. ಬೀದಿದೀಪದ ಬಿಲ್ಲಿನ ಲೆಕ್ಕ ಕೊಡಿ ಅಂತ ಒಬ್ಬ ಸದಸ್ಯೆ ಎದ್ದು ಕೇಳಿದರು. ಎದುರಿಗೆ ಕೂತಿದ್ದ ಸದಸ್ಯರೊಬ್ಬರು ಲೆಕ್ಕದ ಮಾತೇ ಎತ್ತಲಿಲ್ಲ. ಆಕೆ ಉಟ್ಟ ಸೀರೆ, ಆಕೆ ಯಾರ ಬೈಕಿನಲ್ಲಿ ಬಂದರು, ಇದರ ಬಗ್ಗೆ ಒಂದು ಮಾತು ಬಿಟ್ಟರು. ನಾಲ್ಕೈದು ಜನ ನಕ್ಕರು. ಪಿಡಿಒ ತಲೆ ಬಗ್ಗಿಸಿ ನಡಾವಳಿ ಪುಸ್ತಕ ನೋಡುತ್ತಾ ಕೂತರು.

"ಇದನ್ನ ಬರ್ಕೊಳ್ಳಿ ಸಾರ್," ಅಂದರು ಆಕೆ.

"ಅಕ್ಕಾ, ಸಭೆ ಅಂದ ಮೇಲೆ ಇಂಥವು ಬರ್ತವೆ, ಹೋಗ್ತವೆ. ಸಭೆ ಒಳಗಿನ ಮಾತು ಸಭೆ ಒಳಗೇ ಇರಲಿ."

"ಹಂಗಾದ್ರೆ ದೂರು ಎಲ್ಲಿ ಕೊಡಲಿ?"

ಪಿಡಿಒ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ನೌಕರರಲ್ವಲ್ಲ ಅಕ್ಕಾ, ಸದಸ್ಯರು. ಸದಸ್ಯರಿಗೆ ಅಂತ ಕಮಿಟಿ ಎಲ್ಲಿದೆ?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆರಿಸಿ ಬಂದ ಹೆಣ್ಣುಮಗಳಿಗೆ ಸಭೆ ಕೆಲಸದ ಜಾಗ ಹೌದೋ ಅಲ್ಲವೋ? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಮೊದಲು ಸಿಗೋದು ರಾಜಸ್ಥಾನದ ಒಂದು ಹೊಲ.

ಭಟೇರಿ ಅನ್ನೋ ಹಳ್ಳಿಯ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿದ್ದರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಸಂಬಳ ಅಲ್ಲ, ಗೌರವಧನ. ಒಂದು ಹಸುಗೂಸಿನ ಮದುವೆ ತಡೆಯೋಕೆ ಹೋದರು. ಅದೇ ಸಿಟ್ಟಿಗೆ 1992ರ ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಗುಂಪು ಅತ್ಯಾಚಾರ ನಡೆಯಿತು. ಸರ್ಕಾರದ ಕೆಲಸ ಮಾಡಿದ್ದಕ್ಕೇ ಈ ಗತಿ ಬಂದಿದ್ದರೂ, ನಡೆದದ್ದು ಅವರ ಹೊಲದಲ್ಲಿ, ಕಚೇರಿಯಲ್ಲಲ್ಲ ಅಂತ ಕೆಲಸ ಕೊಟ್ಟವರು ಜವಾಬ್ದಾರಿ ಹೊರಲಿಲ್ಲ. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಅದಕ್ಕೂ ಮೊದಲೇ 'ವಿಶಾಖಾ' ಮತ್ತು ಇತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದವು. 1997ರ ಆಗಸ್ಟ್ 13ರಂದು ತೀರ್ಪು ಬಂತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯೋಕೆ, ಕಾನೂನು ಬರುವವರೆಗೆ ಇವೇ ನಿಯಮ ಅಂತ ಕೋರ್ಟೇ ಬರೆದುಕೊಟ್ಟಿತು.

ಕಾನೂನು ಬರೋಕೆ ಮತ್ತೆ ಹದಿನಾರು ವರ್ಷ ಹಿಡಿಯಿತು. ಪೋಶ್ ಅಂತ ಎಲ್ಲರೂ ಕರೆಯುವ ಕಾಯ್ದೆ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ಕ್ಕೆ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ. ಬರೆಯೋಕೆ ಆಗದಿದ್ದರೆ ಬರೆದುಕೊಡೋದಕ್ಕೂ ಸಹಾಯ ಮಾಡಬೇಕು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ.

ಇಡೀ ಕಾಯ್ದೆ ನಿಂತಿರೋದು 'ಕೆಲಸ ಕೊಟ್ಟವನು' ಅನ್ನೋ ಒಂದು ಮಾತಿನ ಮೇಲೆ. ತಪ್ಪು ಮಾಡಿದವನ ಬಡ್ತಿ ತಡೆಯೋದು, ಸಂಬಳ ಹಿಡಿಯೋದು, ಕೆಲಸದಿಂದ ತೆಗೆಯೋದು, ಎಲ್ಲಾ ಅವನ ಕೈಯಲ್ಲಿದೆ. ಶಾಸಕನಿಗೆ ಕೆಲಸ ಕೊಟ್ಟವರು ಯಾರು? ಮತದಾರರು. ಅವರು ವಿಚಾರಣೆ ನಡೆಸೋದು ಐದು ವರ್ಷಕ್ಕೊಂದು ಸಲ. ವಿಧಾನಸೌಧದ ಸಚಿವಾಲಯದಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಜೊತೆಯ ನೌಕರನ ಮೇಲೆ ದೂರು ಕೊಟ್ಟರೆ ದಾರಿ ನೇರವಾಗಿದೆ. ಅದೇ ದೂರು ಒಬ್ಬ ಸದಸ್ಯರ ಮೇಲಾದರೆ ಸಚಿವಾಲಯ ಅವರ ಸಂಬಳ ಹಿಡಿಯೋಕೆ ಆಗುತ್ತಾ? ಛೀಮಾರಿ ಹಾಕೋದಾಗಲಿ, ಅಮಾನತು ಮಾಡೋದಾಗಲಿ ಸದನದ ಕೈಲಿದೆ. ಅಂದರೆ ಅವರ ಜೊತೆಯವರ ಕೈಲಿ.

ಇದರ ಮೇಲೆ ಇನ್ನೊಂದು ಗೋಡೆಯಿದೆ. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ವೋಟಿಗೆ ಯಾವ ಕೋರ್ಟಿನಲ್ಲೂ ಸದಸ್ಯರ ಮೇಲೆ ಕೇಸು ನಡೆಸುವ ಹಾಗಿಲ್ಲ ಅನ್ನುತ್ತೆ ಸಂವಿಧಾನದ 194ನೇ ವಿಧಿ. ಇದರ ಬೇರು ಇಂಗ್ಲೆಂಡಿನಲ್ಲಿದೆ. ರಾಜನ ವಿರುದ್ಧ ಮಾತಾಡಿದವರನ್ನು ಜೈಲಿಗೆ ಹಾಕುತ್ತಿದ್ದ ಕಾಲದಲ್ಲಿ, 1689ರ ಹಕ್ಕುಗಳ ಮಸೂದೆಯಲ್ಲಿ ಈ ರಕ್ಷಣೆ ಬಂತು. ಅಧಿಕಾರದಲ್ಲಿರೋರನ್ನು ಧೈರ್ಯವಾಗಿ ಪ್ರಶ್ನೆ ಮಾಡಲಿ ಅಂತ ಕೊಟ್ಟ ರಕ್ಷಣೆ ಅದು, ಬೇಕೇ ಬೇಕು. ಪಕ್ಕದ ಸೀಟಿನ ಹೆಣ್ಣುಮಗಳನ್ನು ಹೀಯಾಳಿಸಲಿ ಅಂತ ಯಾರೂ ಕೊಟ್ಟಿದ್ದಲ್ಲ. ಕೇರಳ ವಿಧಾನಸಭೆಯೊಳಗೆ 2015ರಲ್ಲಿ ನಡೆದ ಗಲಾಟೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಒಂದು ಮಾತು ಸ್ಪಷ್ಟ ಮಾಡಿತು. ಅಪರಾಧದ ಕೆಲಸಕ್ಕೆ ಈ ಹಕ್ಕು ಕವಚ ಅಲ್ಲ. ಬರೀ ಮಾತಿನ ವಿಷಯಕ್ಕೆ ಬಂದರೆ ಗೆರೆ ಎಲ್ಲಿ ಎಳೆಯಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಸದನಗಳ ಕಥೆ ಎಲ್ಲರೂ ಟಿವಿಯಲ್ಲಿ ನೋಡಿದ್ದೇ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣಕ್ಕೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರದ ಬಗ್ಗೆ ಹಗುರವಾಗಿ ಮಾತಾಡಿ, ಮರುದಿನ ಕ್ಷಮೆ ಕೇಳಿದವರು ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಅಂದಿನ ಶಾಸಕರು, ಎರಡು ಸಲ ಸಭಾಧ್ಯಕ್ಷರಾಗಿದ್ದವರು. ಅಂದು ಆ ಮಾತಿಗೆ ಸದನದಲ್ಲಿ ಎದ್ದ ನಗು ನನಗೆ ಮಾತಿಗಿಂತ ಜಾಸ್ತಿ ನೋವು ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ತಮ್ಮ ಮೇಲೆ ಅವಾಚ್ಯ ಪದ ಬಳಸಿದರು ಅಂತ ಸಚಿವೆಯೊಬ್ಬರು ದೂರಿದರು. ನಾನು ಹಾಗೆ ಹೇಳಿಲ್ಲ ಅಂದರು ಆ ಸದಸ್ಯರು. ಪೊಲೀಸರು ಅವರನ್ನು ಬಂಧಿಸಿದರು, ವಿಷಯ ಹೈಕೋರ್ಟಿಗೆ ಹೋಯಿತು. ಸದನದೊಳಗಿನ ಮಾತಿಗೆ ಪೊಲೀಸರು ಬರಬಹುದಾ ಅನ್ನೋದೇ ದೊಡ್ಡ ಚರ್ಚೆಯಾಯಿತು. ಇಂಥ ದೂರು ಬಂದರೆ ಮೊದಲು ಯಾರು ಕೇಳಬೇಕು ಅನ್ನೋ ಪ್ರಶ್ನೆ ಹಿಂದೆ ಬಿತ್ತು.

ಬೇರೆ ದೇಶಗಳಲ್ಲೂ ಪೆಟ್ಟು ಬಿದ್ದ ಮೇಲೇ ಎಚ್ಚರವಾದದ್ದು. 39 ದೇಶಗಳ 55 ಸಂಸದೆಯರನ್ನು ಮಾತಾಡಿಸಿ ಅಂತರ ಸಂಸದೀಯ ಒಕ್ಕೂಟ 2016ರಲ್ಲಿ ಒಂದು ವರದಿ ಕೊಟ್ಟಿತು. ಅವರಲ್ಲಿ ಶೇ 81.8ರಷ್ಟು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದರು. ಬ್ರಿಟನ್ 2018ರಲ್ಲಿ ಸಂಸದರ ಮೇಲೂ ದೂರು ಕೊಡಬಹುದಾದ ವ್ಯವಸ್ಥೆ ತಂದಿತು, 2020ರಲ್ಲಿ ಶಿಕ್ಷೆ ತೀರ್ಮಾನಿಸುವ ಕೆಲಸವನ್ನು ಹೊರಗಿನ ಪರಿಣತರಿಗೆ ಕೊಟ್ಟಿತು. ನಮಗೆ ಬೇಕಿರೋದು ಇದೇ ಅಂತ ನನಗೆ ಅನ್ನಿಸುತ್ತೆ. ಜೊತೆಯವರ ತಪ್ಪನ್ನು ಜೊತೆಯವರೇ ತೂಗಿದರೆ ತಕ್ಕಡಿ ನೆಟ್ಟಗೆ ನಿಲ್ಲಲ್ಲ.

ಈಗ ಕೆಳಗೆ ಇಳಿಯೋಣ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಮೊದಲ ಸಲ ಸೇರಿದಾಗ 144 ಜನ ಇದ್ದರು. ಕೋಲಾರ, ತುಮಕೂರು ಕಡೆಯ ಜಮೀನ್ದಾರರು, ವ್ಯಾಪಾರಿಗಳು ದಸರಾಕ್ಕೆ ಮೈಸೂರಿಗೆ ಹೋಗಿ ಕೂತು ಬರುತ್ತಿದ್ದ ಸಭೆ ಅದು. ಒಬ್ಬ ಹೆಣ್ಣುಮಗಳೂ ಇರಲಿಲ್ಲ. ನೂರು ವರ್ಷ ಕಳೆದ ಮೇಲೆ, ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ಕಾಲು ಭಾಗ ಸೀಟು ಮಹಿಳೆಯರಿಗೆ. 1993ರಲ್ಲಿ 73ನೇ ತಿದ್ದುಪಡಿಯಿಂದ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧಕ್ಕೆ ಬಂತು. ಕುರ್ಚಿ ಬಂತು. ಕುರ್ಚಿಯಲ್ಲಿ ಕೂತವರ ಮಾನ ಕಾಯುವ ವ್ಯವಸ್ಥೆ ಅದೇ ವೇಗದಲ್ಲಿ ಬರಲಿಲ್ಲ. 'ಅಧ್ಯಕ್ಷರ ಯಜಮಾನರು' ಅನ್ನೋದು ನಮ್ಮ ಕಡೆ ಈಗಲೂ ಒಂದು ಹುದ್ದೆಯ ಹಾಗೇ ಇದೆ. ತಡರಾತ್ರಿ ಬರುವ ವಾಟ್ಸಾಪ್ ಮೆಸೇಜು, ಬೀಗ ಹಾಕಿಟ್ಟ ಶೌಚಾಲಯ, ಮಾತಿಗೆ ಎದ್ದರೆ "ಕೂತ್ಕಳಮ್ಮ" ಅನ್ನೋದು, ಇವೆಲ್ಲ ದಿನದ ಮಾತು.

ದಲಿತ ಸದಸ್ಯೆಯಾದರೆ ಕಷ್ಟ ಎರಡರಷ್ಟು. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಇದಕ್ಕೊಂದು ಕಲಮು ಇದೆ. ಪರಿಶಿಷ್ಟ ಜಾತಿ, ಪಂಗಡದ ಪಂಚಾಯಿತಿ ಸದಸ್ಯರಿಗೆ, ಅಧ್ಯಕ್ಷರಿಗೆ ಅವರ ಕೆಲಸ ಮಾಡೋಕೆ ಅಡ್ಡಿಪಡಿಸೋದು, ಹೆದರಿಸೋದು ಅಪರಾಧ. ಗಟ್ಟಿ ಕಲಮು. ಆದರೆ ಈ ನೆಲದಲ್ಲಿ ದೂರು ಕೊಡೋದು ಸುಲಭವಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಆಗ ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ದಲಿತರನ್ನು ಸುಟ್ಟರು. ಮುಂದೆ ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಅದು ಗೊತ್ತಿರುವ ಊರುಗಳಲ್ಲಿ "ಒಂದು ಅರ್ಜಿ ಕೊಡಿ" ಅನ್ನೋದು ಸಣ್ಣ ಮಾತಲ್ಲ.

ಆದರೂ ಪಿಡಿಒ ಹೇಳಿದ್ದು ಎರಡು ರೀತಿಯಲ್ಲಿ ತಪ್ಪು. 194ನೇ ವಿಧಿಯ ರಕ್ಷಣೆ ಇರೋದು ವಿಧಾನ ಮಂಡಲಕ್ಕೆ, ಗ್ರಾಮ ಪಂಚಾಯಿತಿಗೆ ಅಲ್ಲ. ಪಂಚಾಯಿತಿ ಸಭೆಯಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಾಡಿದರೆ, ಬಸ್‌ಸ್ಟ್ಯಾಂಡಿನಲ್ಲಿ ಆಡಿದಷ್ಟೇ ಅಪರಾಧ. ಇನ್ನು ಪೋಶ್ ಕಾಯ್ದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಕೆಲಸದ ಜಾಗ ಅನ್ನುತ್ತೆ ಅದು, ನೊಂದ ಮಹಿಳೆ ಅಲ್ಲಿ ನೌಕರಿಯಲ್ಲಿ ಇರಲಿ ಇಲ್ಲದಿರಲಿ ಅನ್ನುತ್ತೆ. ಹಾಗೆ ಓದಿದರೆ ಸದಸ್ಯೆಗೂ ಸಮಿತಿಯ ಬಾಗಿಲು ತೆರೆದಿದೆ ಅಂತಲೇ ನಾನು ತಿಳಿದಿದ್ದೇನೆ. ಪ್ರತಿ ಜಿಲ್ಲೆಯಲ್ಲೂ ಅಧಿಕಾರಿಯನ್ನು ಗುರುತಿಸಿ, ಸ್ಥಳೀಯ ಸಮಿತಿ ಮಾಡಿ, ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿಯನ್ನು ಹಾಕಿ ಅಂತ ಸುಪ್ರೀಂ ಕೋರ್ಟು 2024ರ ಡಿಸೆಂಬರ್ 3ರಂದು ಗಡುವು ಕೊಟ್ಟು ಹೇಳಿದೆ. ಆ ಅಧಿಕಾರಿಯ ಹೆಸರು, ಫೋನ್ ನಂಬರು ಪ್ರತಿ ಪಂಚಾಯಿತಿಯ ಗೋಡೆ ಮೇಲೆ, ನರೇಗಾ ಬೋರ್ಡಿನ ಪಕ್ಕದಲ್ಲೇ ಬರೆಸಬೇಕು. ಒಂದು ಡಬ್ಬಿ ಪೇಂಟಿನ ಖರ್ಚು, ಅಷ್ಟೇ ಅಲ್ವಾ?

ಆವತ್ತು ಸಭೆ ಮುಗಿದಾಗ ಮೂರು ದಾಟಿತ್ತು. ಸಹಿಗೆ ಅಂತ ಪುಸ್ತಕ ಆಕೆಯ ಹತ್ತಿರ ಬಂತು. ಆಕೆ ತಕ್ಷಣ ಸಹಿ ಹಾಕಲಿಲ್ಲ. ಪಿಡಿಒ ಕೈಯಿಂದ ಪೆನ್ನು ತಗೊಂಡು, ಯಾರು ಏನಂದರು ಅಂತ ತಮ್ಮ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದು, ಕೆಳಗೆ ಸಹಿ ಹಾಕಿದರು. ಯಾರೂ ನಗಲಿಲ್ಲ. ಆ ಪುಟದ ನಕಲು ಬೇಕು ಅಂತ ಅಲ್ಲೇ ಅರ್ಜಿಯನ್ನೂ ಕೊಟ್ಟರು.

ಹೊರಗೆ ಬಂದ ಮೇಲೆ ಸ್ಥಳೀಯ ಸಮಿತಿಯ ವಿಷಯ ಹೇಳಿದೆ. ಕೋಲಾರಕ್ಕೆ ಹೋಗೋಕೆ ಬಸ್ಸಿನ ಖರ್ಚಿಲ್ಲ, ಆದರೆ ಒಂದು ದಿನ ಹೋಗುತ್ತೆ ಅಂದರು. ಗಡುವು ಎಷ್ಟು ದಿನ ಅಂತ ಕೇಳಿದರು. ಮೂರು ತಿಂಗಳು ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದರು.

"ಟೊಮೆಟೊ ಇನ್ನೆರಡು ಸಲ ಬಿಡಿಸೋದಿದೆ. ಅದು ಮಂಡಿಗೆ ಹೋದ ಮಾರನೇ ದಿನವೇ ಹೋಗ್ತೀನಿ," ಅಂದರು.