ತಜ್ಞನ ಮಾತನ್ನು ಒಳಬಿಡುವವರು ಯಾರು?

ಸಾಕ್ಷಿಯಾದವನು ಕಂಡದ್ದನ್ನು ಹೇಳಬೇಕು, ತನಗೆ ಅನ್ನಿಸಿದ್ದನ್ನಲ್ಲ ಎಂಬ ಹಳೆಯ ಕಟ್ಟಳೆಯಿಂದ ತಜ್ಞನಿಗೆ ವಿನಾಯಿತಿ ಉಂಟು. ಇಂಗ್ಲೆಂಡಿನ ವೆಲ್ಸ್ ಬಂದರಿನಲ್ಲಿ ಹೂಳು ತುಂಬಿದ್ದಕ್ಕೆ ಒಡ್ಡು ಕಾರಣವೇ ಎಂಬ ವ್ಯಾಜ್ಯದಲ್ಲಿ, 1782ರಷ್ಟು ಹಿಂದೆಯೇ, ಎಂಜಿನಿಯರ್ ಜಾನ್ ಸ್ಮೀಟನ್ ಅವರ ಅಭಿಪ್ರಾಯವನ್ನು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸಾಕ್ಷ್ಯವೆಂದು ಒಪ್ಪಿದ್ದರು. ಆದರೆ ಯಾರ ಜ್ಞಾನ ನಂಬಲರ್ಹ ಎಂಬುದನ್ನು ಅಳೆಯುವ ಕೋಲು ಇರಲಿಲ್ಲ.

ಅಂಥದೊಂದು ಕೋಲು ಅಮೆರಿಕದಲ್ಲಿ 1923ರ ಫ್ರೈ ಪ್ರಕರಣದಲ್ಲಿ ಸಿಕ್ಕಿತು. ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಕೊಲೆ ಆರೋಪಿಯೊಬ್ಬ ತನ್ನ ಪರವಾಗಿ ಮುಂದಿಟ್ಟಾಗ, ಆಯಾ ಕ್ಷೇತ್ರದಲ್ಲಿ ಸಾಮಾನ್ಯ ಅಂಗೀಕಾರ ಪಡೆಯದ ವಿಧಾನವನ್ನು ಪರಿಗಣಿಸಲಾಗದು ಎಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಪೂರ್ವನಿದರ್ಶನ ಒಂದನ್ನೂ ಉಲ್ಲೇಖಿಸದ ಆ ಪುಟ್ಟ ತೀರ್ಪು ಏಳು ದಶಕ ಆಳಿತು ಎಂಬುದು ಸೋಜಿಗವೇ. ಅದರ ದೋಷವೂ ಅಲ್ಲೇ ಇತ್ತು: 'ಕ್ಷೇತ್ರ' ಯಾವುದು ಎಂಬುದನ್ನು ಅದು ಬಿಡಿಸಿ ಹೇಳಲಿಲ್ಲ. ಒಂದು ವಿದ್ಯೆಯಿಂದಲೇ ಜೀವನ ನಡೆಸುವವರನ್ನು ಕೇಳಿದರೆ ಆ ವಿದ್ಯೆ ಸರಿಯೆಂದೇ ಅವರು ಹೇಳುತ್ತಾರೆ; ಇನ್ನೊಂದೆಡೆ, ಸರಿಯಾದ ಹೊಸ ಶೋಧವೂ ಒಪ್ಪಿಗೆ ಸಿಗುವವರೆಗೆ ಹೊರಗೇ ಕಾಯಬೇಕಾಗುತ್ತದೆ.

ಒಕ್ಕೂಟದ ನ್ಯಾಯಾಲಯಗಳಿಗಾಗಿ 1975ರಲ್ಲಿ ಜಾರಿಗೆ ಬಂದ ಫೆಡರಲ್ ಸಾಕ್ಷ್ಯ ನಿಯಮಗಳ ಪೈಕಿ ತಜ್ಞರ ಸಾಕ್ಷ್ಯ ಕುರಿತ 702ನೇ ನಿಯಮದಲ್ಲಿ ಸಾಮಾನ್ಯ ಅಂಗೀಕಾರದ ಮಾತೇ ಇರಲಿಲ್ಲ. ಗರ್ಭಿಣಿಯರ ವಾಕರಿಕೆಗೆ ಕೊಡುತ್ತಿದ್ದ ಬೆಂಡೆಕ್ಟಿನ್ ಔಷಧದಿಂದ ಮಕ್ಕಳಿಗೆ ಜನ್ಮದೋಷ ಉಂಟಾಯಿತೆಂಬ ಡಾಬರ್ಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಇದನ್ನೇ ಎತ್ತಿಹಿಡಿದು, ಬಾಗಿಲು ಕಾಯುವ ಹೊಣೆಯನ್ನು ನ್ಯಾಯಾಧೀಶರಿಗೇ ವಹಿಸಿತು. ಸಿದ್ಧಾಂತವನ್ನು ಪರೀಕ್ಷಿಸಬಹುದೇ, ಸಹತಜ್ಞರ ವಿಮರ್ಶೆಗೆ ಒಳಗಾಗಿದೆಯೇ, ತಪ್ಪಿನ ಪ್ರಮಾಣ ಎಷ್ಟು ಎಂಬವನ್ನು ಅವರೇ ನೋಡಬೇಕಾಯಿತು. ಅಂಗೀಕಾರವೆಂಬುದು ಹಲವು ಅಂಶಗಳಲ್ಲಿ ಒಂದಾಗಿ ಉಳಿಯಿತು. ನ್ಯಾಯಾಧೀಶರು ಹವ್ಯಾಸಿ ವಿಜ್ಞಾನಿಗಳಾಗಬೇಕೇ ಎಂಬ ಅಳುಕನ್ನು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ತಮ್ಮ ಭಾಗಶಃ ಭಿನ್ನಮತದಲ್ಲಿ ದಾಖಲಿಸಿದರು.

ಬಾಗಿಲು ಅಗಲವಾಯಿತೆಂದು ಭಾವಿಸಿದವರಿಗೆ ನಿರಾಸೆಯಾಯಿತು. ಹಿಂದಿರುಗಿ ಬಂದ ಅದೇ ಪ್ರಕರಣದಲ್ಲಿ 1995ರಲ್ಲಿ ಮೇಲ್ಮನವಿ ನ್ಯಾಯಾಲಯವು ಫಿರ್ಯಾದಿಗಳ ತಜ್ಞರನ್ನು ಮತ್ತೆ ಹೊರಗಿಟ್ಟಿತು. 1999ರ ಕುಮ್ಹೋ ಟೈರ್ ತೀರ್ಪು ಈ ಪರಿಶೀಲನೆಯನ್ನು ಎಂಜಿನಿಯರುಗಳಿಗೂ ಅನುಭವದ ಬಲದಿಂದ ಮಾತನಾಡುವ ಇತರ ತಜ್ಞರಿಗೂ ವಿಸ್ತರಿಸಿತು.

ಪರಿಹಾರ ಕೇಳುವವರ ಮೇಲೆ ಬಿಗಿಯಾದ ಈ ಜರಡಿ ಅಪರಾಧ ಪ್ರಕರಣಗಳಲ್ಲಿ ಮಾತ್ರ ಸಡಿಲವಾಗಿಯೇ ಇತ್ತು ಎನ್ನದೆ ವಿಧಿಯಿಲ್ಲ. ಡಿಎನ್ಎ ವಿಶ್ಲೇಷಣೆಯೊಂದನ್ನು ಬಿಟ್ಟರೆ, ಸಾಕ್ಷ್ಯವನ್ನು ನಿರ್ದಿಷ್ಟ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲದೆಂದು ಕಟ್ಟುನಿಟ್ಟಾಗಿ ಸಾಬೀತಾದ ವಿಧಿವಿಜ್ಞಾನ ವಿಧಾನ ಬೇರಿಲ್ಲ ಎಂದು ರಾಷ್ಟ್ರೀಯ ಸಂಶೋಧನಾ ಮಂಡಳಿಯ 2009ರ ವರದಿ ಹೇಳಿದ ಮೇಲೂ ಕಚ್ಚಿದ ಗುರುತಿನ ಹೋಲಿಕೆಯಂಥ ಸಾಕ್ಷ್ಯ ನ್ಯಾಯಾಲಯಗಳನ್ನು ಪ್ರವೇಶಿಸುತ್ತಲೇ ಇತ್ತು. ಸಾಕ್ಷ್ಯವು ಈ ಮಾನದಂಡಗಳಿಗೆ ಹೊಂದುವ ಸಂಭವವೇ ಹೆಚ್ಚೆಂದು ಅದನ್ನು ಮಂಡಿಸುವವರೇ ತೋರಿಸಬೇಕೆಂಬ ಸ್ಪಷ್ಟನೆ 702ನೇ ನಿಯಮಕ್ಕೆ ಸೇರಿದ್ದು 2023ರ ಡಿಸೆಂಬರ್ 1ರಂದು. ಆದರೆ ನ್ಯೂಯಾರ್ಕಿನಂಥ ಕೆಲವು ರಾಜ್ಯಗಳ ನ್ಯಾಯಾಲಯಗಳು ಫ್ರೈ ಸೂತ್ರವನ್ನು ಇನ್ನೂ ಕೈಬಿಟ್ಟಿಲ್ಲ.