ಪಾರ್ಕಿನ ಮೂಲೆಯಲ್ಲೊಂದು ಕಟ್ಟೆ: ಹಳೇದೋ, ಹೊಸದೋ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಒಂದು ಕಲ್ಲಿತ್ತು. ಈಗ ಅದಕ್ಕೆ ಕಟ್ಟೆ ಬಂದಿದೆ, ಮೇಲೆ ತಗಡು, ಸುತ್ತ ಗ್ರಿಲ್. ಕೇಳಿದರೆ ‘ಇದು ನಮ್ಮ ಅಜ್ಜನ ಕಾಲದ್ದು’ ಅನ್ನುತ್ತಾರೆ. ಇದನ್ನು ತೆಗೆಸಬಹುದಾ?

ಉತ್ತರ: ಇಂಥ ಪ್ರಶ್ನೆ ಕೇಳುವವರು ಜಾಸ್ತಿ ಜನ ಮೊದಲು ಹೇಳುವುದೇ ಅದು ಯಾರ ದೇವರು ಅಂತ. ನೀವು ಹೇಳಿಲ್ಲ, ಒಳ್ಳೆಯದೇ ಆಯಿತು. ಕಾನೂನು ಕೇಳುವುದು ತಾರೀಖು.

ರಸ್ತೆ, ಪಾರ್ಕು, ಸಾರ್ವಜನಿಕ ಜಾಗಗಳಲ್ಲಿ ಗುಡಿ, ಮಸೀದಿ, ಚರ್ಚ್, ಗುರುದ್ವಾರದ ಹೆಸರಲ್ಲಿ ಅನಧಿಕೃತವಾಗಿ ಏನೂ ಕಟ್ಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಹೇಳಿತು. ಆಗಲೇ ಇದ್ದವನ್ನು ಒಂದೊಂದಾಗಿ ನೋಡಿ ತೀರ್ಮಾನಿಸಿ ಅಂತ ರಾಜ್ಯಗಳಿಗೆ ಬಿಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಒಂದು ಗುಡಿ ಕೆಡವಿದ್ದಕ್ಕೆ ದೊಡ್ಡ ಗದ್ದಲವಾಯಿತು. ಅದೇ ತಿಂಗಳು ವಿಧಾನಸಭೆಯಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಪಾಸಾಯಿತು. ಈ ಕಾಯ್ದೆ ಜಾರಿಗೆ ಬಂದ ದಿನ ಸಾರ್ವಜನಿಕ ಜಾಗದಲ್ಲಿ ಇದ್ದದ್ದನ್ನು ಜಿಲ್ಲಾಡಳಿತ ಕಾಪಾಡಬೇಕು. ಆಮೇಲೆ ಎದ್ದದ್ದಕ್ಕೆ ಆ ರಕ್ಷಣೆ ಇಲ್ಲ.

ನಿಮ್ಮ ಕೇಸಿನ ತೊಡಕು ಇರುವುದು ಇಲ್ಲೇ. ಕಲ್ಲು ಹಳೇದು, ತಗಡು ಹೊಸದು. ಅಂದು ಇದ್ದ ಕಲ್ಲಿಗೆ ಸಿಕ್ಕ ರಕ್ಷಣೆ ಮೊನ್ನೆ ಹಾಕಿದ ಗ್ರಿಲ್ಲಿಗೂ ಸಿಗಬೇಕು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾಗಿ ಮೊದಲು ಹತ್ತಿರ ಹೋಗಿ ಕೂತು ನೋಡಿ. ವರ್ಷಗಟ್ಟಲೆ ಎಣ್ಣೆ ಕುಡಿದ ಅಥವಾ ಲೋಬಾನದ ಹೊಗೆ ಹಿಡಿದ ಕಲ್ಲು ಕರ್ರಗಾಗಿರುತ್ತದೆ. ಅದರ ಬುಡದ ಸಿಮೆಂಟ್ ಇನ್ನೂ ಬೂದಿ ಬಣ್ಣದಲ್ಲಿದ್ದು, ಕೆಳಗೆ ಹಾಸಿದ ಶಹಾಬಾದಿ ಫರ್ಶಿಯ ಅಂಚು ಸವೆದೇ ಇಲ್ಲ ಅಂದರೆ ಅಜ್ಜನ ಕಾಲದ ಮಾತು ಕಲ್ಲಿಗಷ್ಟೇ ಸರಿ. ಆಮೇಲೆ ಬಡಾವಣೆಯ ಮಂಜೂರಾದ ನಕ್ಷೆ ತೆಗೆಸಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ಸಿಗುತ್ತದೆ, ತಗಡು ಯಾವ ವರ್ಷ ಬಂತು ಅನ್ನುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಆದರೆ ‘ಹಳೇದು’ ಅನ್ನುವುದನ್ನು ಸುಮ್ನೆ ಸುಳ್ಳು ಅಂದುಕೊಳ್ಳಬೇಡಿ. ಇವತ್ತು ಬಡಾವಣೆ ಆದದ್ದು ನಿನ್ನೆ ತೊಗರಿ ಹೊಲ. ಹೊಲದ ಬದುವಿನಲ್ಲಿ ಒಬ್ಬ ದೇವರೋ ಪೀರನೋ ಇರುವುದು ನಮ್ಮ ಕಡೆ ಹೊಸದೇನಲ್ಲ, ಎರಡೂ ಕಡೆಯವರು ಒಂದೇ ಕಟ್ಟೆಗೆ ಕಾಯಿ ಒಡೆಯುವುದೂ ಉಂಟು. 1948ರವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದವರು. ಹಾಗಾಗಿ 1954–55ರ ಖಾಸ್ರಾ ಪಹಣಿ, ಅಂದರೆ ಆ ಸಂಸ್ಥಾನದ ಊರುಗಳಲ್ಲಿ ಆಗ ಮಾಡಿದ ಹೊಲವಾರು ದಾಖಲೆ, ಹುಡುಕಿಸುವುದು ಒಳ್ಳೆಯದು. ಅದಕ್ಕಿಂತ ಹಿಂದಿನ ಕಾಗದ ಉರ್ದುವಿನಲ್ಲಿದ್ದರೆ ಓದಿ ಹೇಳುವ ಒಬ್ಬ ಹಿರಿಯರು ಬೇಕು.

ಪಾರ್ಕು ಪಾಲಿಕೆಗೆ ಸೇರಿದ್ದರೆ ಅರ್ಜಿ ಪಾಲಿಕೆಯ ಆಯುಕ್ತರಿಗೆ, ಸರ್ಕಾರಿ ಗಾಯರಾಣ (ಗೋಮಾಳ) ಆದರೆ ತಹಶೀಲ್ದಾರರಿಗೆ. ಬಾಯಿಮಾತು ಬೇಡ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಹೇಳಲೇಬೇಕು. ನಿಮ್ಮ ಪಾರ್ಕು ಕೋಟೆಗೋ ಹಫ್ತ್ ಗುಂಬಜ್‌ಗೋ ಹತ್ತಿರ ಇದ್ದರೆ ಮಾತೇ ಬೇರೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ಕಲ್ಲನ್ನು ಮಾತ್ರ ನೀವೇ ಎತ್ತಲು ಹೋಗಬೇಡಿ. ಅನಧಿಕೃತ ಕಟ್ಟೆಯ ಕೇಸು ಪಕ್ಕಕ್ಕೆ ಸರಿದು, ಪೂಜಾಸ್ಥಳಕ್ಕೆ ಧಕ್ಕೆ ತಂದ ಕೇಸು ನಿಮ್ಮ ಕೊರಳಿಗೆ ಬೀಳುತ್ತದೆ. ಫೋಟೋ ಮಾತ್ರ ಇವತ್ತೇ ತೆಗೆದಿಡಿ. ಜಾತ್ರೆಗೋ ಉರುಸಿಗೋ ಒಂದು ಸಲ ಬಣ್ಣ ಬಳಿದರು ಅಂದರೆ ಹೊಸ ಸಿಮೆಂಟೂ ಹಳೇದರ ಹಾಗೇ ಕಾಣುತ್ತದೆ.